ಸುಂಕ ಎತ್ತುವವನಿಗೆ ಸಂತೆಯ ಹೊಣೆ ಬೇಡವೆ?

(ಬೂದಿಕೋಟೆಯಲ್ಲಿ ಈಚೆಗೆ ನಡೆದ ಗಿರಣಿ ಕೆಲಸಗಾರರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಇವತ್ತು ನಾನು ಮಾತಾಡಲಿರುವ ವಿಷಯ ಕೇಳಿ ಕೆಲವರಿಗೆ ನಗು ಬಂದಿರಬಹುದು. ಕೂಲಿ, ಬೋನಸ್ಸು, ರೇಷನ್ನು, ಅಂಗಡಿ ಬಾಡಿಗೆ ಇವೆಲ್ಲ ತಲೆಯ ಮೇಲೆ ಕೂತಿರುವಾಗ, ಹುಡುಗರು ಮೊಬೈಲಿನಲ್ಲಿ ಆಡುವ ಆಟದ ಬಗೆಗೆ, ಆ ಆಟದಲ್ಲಿ ಅವರು ಬೈದಾಡುವ ಬಗೆಗೆ ಸಭೆ ಕರೆದು ಮಾತಾಡುವುದೇನಿದೆ ಎಂದು ದಾರಿಯಲ್ಲಿ ಒಬ್ಬ ಹಿರಿಯರು ನನ್ನನ್ನು ಕೇಳಿದರು. "ಹುಡುಗರು ಬೈದಾಡದೆ ಇನ್ನೇನು ಮಂತ್ರ ಹೇಳುತ್ತಾರೇನಪ್ಪ?" ಎಂದರು. ಅವರ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ನನಗೆ ತಿಳಿದ ಉತ್ತರವನ್ನು ತಮ್ಮ ಮುಂದೆ ಇಡುತ್ತೇನೆ.

ಮೊದಲು ನಡೆದ ಒಂದು ಸಂಗತಿ. ನಮ್ಮ ಕಡೆಯ ಹುಡುಗ, ವಯಸ್ಸು ಹದಿನಾಲ್ಕು. ತಂದೆ ಬಂಗಾರಪೇಟೆಯ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಾರೆ. ತಾಯಿ ಬೆಳಗಿನ ರೈಲು ಹಿಡಿದು ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗುತ್ತಾರೆ. ಆ ರೈಲು ತಮಗೆಲ್ಲ ಗೊತ್ತು. ೨೦೦೧ನೆಯ ಇಸವಿ ಫೆಬ್ರವರಿ ೨೮ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಈ ಸೀಮೆಯ ಎಷ್ಟೋ ಮನೆಗಳಿಗೆ ಆ ರೈಲೇ ಗಣಿಯಾಗಿದೆ. ಮನೆಗೆ ಇರುವುದು ಒಂದೇ ಫೋನು, ಕಂತಿನ ಮೇಲೆ ತಂದದ್ದು. ಸಂಜೆಯಾದರೆ ಅದು ಹುಡುಗನ ಕೈಗೆ.

ಆಟ ಎಂಥದು? ನಾಲ್ಕು ಜನ ಒಂದು ತಂಡವಾಗಿ ಬಂದೂಕು ಹಿಡಿದು ಆಡುವುದು. ಉಳಿದ ಮೂವರು ಯಾರೋ, ಎಲ್ಲಿಯವರೋ. ಕಂಪನಿಯ ಯಂತ್ರ ಜೊತೆಗೂಡಿಸಿದವರು. ಒಬ್ಬರಾಡಿದ ಮಾತು ಮಿಕ್ಕವರ ಕಿವಿಗೆ ಬೀಳುತ್ತದೆ. ಒಂದು ಸಂಜೆ ಒಬ್ಬ "ಯಾವೂರೋ?" ಎಂದು ಕೇಳಿದ. ಇವನು ಹೇಳಿದ. "ಊರೊಳಗೆ ಯಾವ ಬೀದಿ?" ಎಂದು ಕೇಳಿದ. ಅದನ್ನೂ ಹೇಳಿದ. ಬೀದಿ ಯಾತಕ್ಕೆ ಕೇಳುತ್ತಾರೆಂದು ಇಲ್ಲಿ ಕೂತವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿಂದ ಮುಂದೆ ಆಟ ಮುಗಿಯುವತನಕ ಆ ಹುಡುಗನಿಗೆ ಹೆಸರೇ ಇರಲಿಲ್ಲ. ಜಾತಿಯೇ ಹೆಸರಾಯಿತು. ಅವನ ತಾಯಿಯ ಮೇಲೂ ಮಾತು ಬಂತು.

ಹುಡುಗ ಮನೆಯಲ್ಲಿ ಬಾಯಿ ಬಿಡಲಿಲ್ಲ. ಹೇಳಿದರೆ ಫೋನು ಕಿತ್ತುಕೊಂಡಾರೆಂಬ ಭಯ. ಅವನು ಮಾಡಿದ್ದು ಒಂದೇ ಕೆಲಸ. ಆಟದೊಳಗಿನ ತನ್ನ ಹೆಸರನ್ನು ತೆಗೆದು ಮೇಲುಜಾತಿಯ ಮನೆತನದ ಹೆಸರೊಂದನ್ನು ಹಾಕಿಕೊಂಡ. ಊರು ಕೇಳಿದವರಿಗೆ ಬೆಂಗಳೂರು ಎಂದ. ತಿಂಗಳು ಕಳೆದ ಮೇಲೆ ತಂದೆ ಆ ಹೆಸರನ್ನು ನೋಡಿ "ಇದು ಯಾರದೋ?" ಎಂದಾಗ ಸಂಗತಿ ಹೊರಬಿತ್ತು. ಅವರು ಫೋನು ಹಿಡಿದು ನನ್ನ ಹತ್ತಿರ ಬಂದರು. "ಅಣ್ಣ, ನಾನಿಟ್ಟ ಹೆಸರು ಅವನಿಗೆ ಭಾರವಾಯ್ತು ನೋಡು" ಎಂದರು. ಇಬ್ಬರೂ ಕೂತು ಕಂಪನಿಗೆ ದೂರು ಕಳಿಸಿದೆವು. ಮರುಗಳಿಗೆಯಲ್ಲೇ ಇಂಗ್ಲಿಷಿನಲ್ಲಿ ಜವಾಬು ಬಂತು. ತಮ್ಮ ದೂರು ನಮಗೆ ಬಹಳ ಮುಖ್ಯ ಎಂದಿತ್ತು. ಮನುಷ್ಯ ಬರೆದದ್ದಲ್ಲ, ಯಂತ್ರ ಕಳಿಸಿದ್ದು. ಅದಾದ ಮೇಲೆ ಏನೂ ಬರಲಿಲ್ಲ. ಆ ಕಂಪನಿ ಯಾವುದೆಂದು ನಾನು ಹೇಳುವುದಿಲ್ಲ. ಇದು ಒಂದು ಕಂಪನಿಯ ಮಾತಲ್ಲ, ಇಡೀ ಕಸುಬಿನ ಮಾತು.

ಈಗ ಪ್ರಶ್ನೆ ಇಷ್ಟೆ: ಆಟಗಾರರು ಒಬ್ಬರನ್ನೊಬ್ಬರು ಹೀಗೆ ಹೀನಾಯವಾಗಿ ಬೈದರೆ, ಅದನ್ನು ತಡೆಯುವ ಹೊಣೆ ಆಟ ಮಾಡಿ ಮಾರಿದವನದೋ ಅಲ್ಲವೋ?

ತಮ್ಮಲ್ಲಿ ಬಹಳ ಜನ ಸಂತೆಯಲ್ಲಿ ಅಂಗಡಿ ಹಾಕುವವರು. ನಮ್ಮ ಕಡೆಯ ಯಾವ ಸಂತೆಗೆ ಹೋದರೂ ಸುಂಕದ ಗುತ್ತಿಗೆ ಹಿಡಿದವನೊಬ್ಬ ಚೀಟಿ ಹರಿದು ಕೈಯೊಡ್ಡುತ್ತಾನೆ. ನೀವು ಕೊಡುತ್ತೀರಿ. ಕೊಟ್ಟ ಮೇಲೆ ಕೇಳುತ್ತೀರಿ: ದೀಪ ಎಲ್ಲಪ್ಪ? ನೀರು ಎಲ್ಲಪ್ಪ? ಕುಡಿದವನೊಬ್ಬ ಬಂದು ಟೊಮೇಟೊ ಮಾರುವ ಹೆಂಗಸನ್ನು ಬಾಯಿಗೆ ಬಂದಂತೆ ಅಂದರೆ ಕೇಳುವವರು ಯಾರಪ್ಪ? ಆಗ ಗುತ್ತಿಗೆದಾರ, "ನನ್ನದು ಜಾಗ ಮಾತ್ರ, ಬೈದವನು ನಾನಲ್ಲ" ಎಂದರೆ ಒಪ್ಪುತ್ತೀರಾ? "ಸುಂಕ ಎತ್ತಲು ಬರುತ್ತೆ, ಸಂತೆ ನೋಡಿಕೊಳ್ಳಲು ಬರೋದಿಲ್ಲವೋ?" ಎಂದು ಮುಖಕ್ಕೆ ಹೇಳುತ್ತೀರಿ.

ಆಟದ ಕಂಪನಿಯೂ ಸುಂಕದ ಗುತ್ತಿಗೆದಾರನೇ. ಆಟ ಬಿಟ್ಟಿ ಎನ್ನುತ್ತಾರೆ. ಒಳಗೆ ಹೋದ ಮೇಲೆ ಗೊಂಬೆಗೆ ಹಾಕುವ ಅಂಗಿಗೆ ದುಡ್ಡು, ಬಂದೂಕಿನ ಬಣ್ಣಕ್ಕೆ ದುಡ್ಡು, ತಿಂಗಳ ಪಾಸಿಗೆ ದುಡ್ಡು. ಇನ್ನೂ ಒಂದು ಮಾತು ತಾವು ಗಮನಿಸಬೇಕು. ದುಡ್ಡು ಕೊಡುವ ಶ್ರೀಮಂತರ ಹುಡುಗ ಯಾರ ಜೊತೆ ಆಡುತ್ತಾನೆ? ದುಡ್ಡು ಕೊಡದ ನಮ್ಮ ಹುಡುಗನ ಜೊತೆ. ಎದುರಾಳಿಯೇ ಇಲ್ಲದ ಮೈದಾನಕ್ಕೆ ಯಾರೂ ಬರುವುದಿಲ್ಲ. ಹಾಗಾದರೆ ನಮ್ಮ ಹುಡುಗ ಅಲ್ಲಿ ಬರಿಯ ಗಿರಾಕಿಯಲ್ಲ. ಸಂತೆ ತುಂಬಿಸಿಕೊಡುವ ಬಿಟ್ಟಿ ಕೂಲಿ. ಅವನಿಂದ ಗಿಟ್ಟಿಸಿಕೊಂಡ ಮೇಲೆ ಅವನ ಮಾನ ಕಾಯುವುದು ನಮ್ಮ ಕೆಲಸವಲ್ಲ ಎನ್ನುವುದು ಯಾವ ನ್ಯಾಯ?

ಇದು ನಮ್ಮ ಸೀಮೆಗೆ ಹೊಸ ವಾದವೇನಲ್ಲ. ಕೆ.ಜಿ.ಎಫ್. ಗಣಿಗಳು ೧೯೫೬ರಲ್ಲಿ ಮೈಸೂರು ಸರ್ಕಾರದ ಕೈಗೆ ಬರುವವರೆಗೆ ಜಾನ್ ಟೇಲರ್ ಕಂಪನಿಯ ಆಡಳಿತದಲ್ಲಿದ್ದವು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಬಂಡೆ ತಾನಾಗಿಯೇ ಸಿಡಿಯುತ್ತಿತ್ತು. ಲೋಕದ ಎಲ್ಲ ಕಡೆಯೂ ಗಣಿ ಮಾಲೀಕರು ಮೊದಮೊದಲು ಹೇಳಿದ್ದು ಒಂದೇ ಮಾತು: ಸತ್ತವನ ಅಜಾಗರೂಕತೆ. ಕೆಲಸಗಾರರು ಹೋರಾಡಿದ ಮೇಲೆ ಕಾಯಿದೆಗಳು ಬಂದವು. ೧೯೨೩ರಲ್ಲಿ ಅಪಘಾತ ಪರಿಹಾರದ ಕಾಯಿದೆ ಬಂತು. ೧೯೫೨ರ ಗಣಿ ಕಾಯಿದೆ ಸುರಕ್ಷತೆಯ ಹೊಣೆಯನ್ನು ಮಾಲೀಕನ, ಏಜೆಂಟನ, ಮ್ಯಾನೇಜರನ ತಲೆಯ ಮೇಲೆ ಹೊರಿಸಿತು. ಬಂಡೆ ಸಿಡಿದದ್ದು ಮಾಲೀಕನ ಕೈಯಿಂದಲ್ಲ, ನಿಜ. ಆದರೆ ಸುರಂಗ ತೋಡಿದವನು ಅವನು. ಆಸರೆ ನಿಲ್ಲಿಸುವ ಹೊಣೆಯೂ ಅವನದೇ ಎಂದು ಕಾಯಿದೆ ಹೇಳಿತು.

"ಬಂಡೆಯೂ ಮಾತೂ ಒಂದೆಯೆ? ಮಾತಿನಿಂದ ಯಾರ ಕೈಕಾಲು ಮುರಿಯುತ್ತದೆ?" ಎಂದು ಕೇಳುವವರಿದ್ದಾರೆ. ಅವರಿಗೆ ನಮ್ಮ ಊರಿನವರದೇ ಉದಾಹರಣೆ ಕೊಡುತ್ತೇನೆ. ಬೆಜವಾಡ ವಿಲ್ಸನ್ ೧೯೬೬ರಲ್ಲಿ ಕೆ.ಜಿ.ಎಫ್.ನಲ್ಲಿ ಹುಟ್ಟಿದವರು. ಗಣಿ ವಸತಿಗಳ ಒಣ ಪಾಯಿಖಾನೆ ಬಳಿಯುವ ಕೆಲಸಕ್ಕೆ ಕಟ್ಟುಬಿದ್ದ ಸಮುದಾಯದವರು. ಶಾಲೆಯಲ್ಲಿ ಮಕ್ಕಳು ತಮ್ಮನ್ನು 'ತೋಟಿ' ಎಂದು ಕರೆಯುತ್ತಿದ್ದುದನ್ನು ಅವರೇ ಎಷ್ಟೋ ಕಡೆ ಹೇಳಿಕೊಂಡಿದ್ದಾರೆ. ಮುಂದೆ ಅವರು ಮಲ ಹೊರುವ ಪದ್ಧತಿಯ ವಿರುದ್ಧ ದೇಶದ ಉದ್ದಗಲಕ್ಕೂ ಚಳವಳಿ ಕಟ್ಟಿದರು. ೨೦೧೬ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಎಳವೆಯಲ್ಲಿ ಕೇಳಿದ ಆ ಒಂದು ಪದವನ್ನು ಅವರು ಮರೆತಿಲ್ಲ. ಹಾಗೆ ಎದ್ದು ನಿಂತವರ ಹೆಸರು ಲೋಕಕ್ಕೆ ಗೊತ್ತಾಗುತ್ತದೆ. ಕುಗ್ಗಿ ಕೂತವರ ಹೆಸರು ಯಾರಿಗೆ ಗೊತ್ತು? ಅವತ್ತು ಶಾಲೆಯ ಅಂಗಳದಲ್ಲಿದ್ದ ಆ ಪದ ಈಗ ಹುಡುಗನ ಕಿವಿಯೊಳಗೇ ಬಂದು ಕೂತಿದೆ. ಅಂಗಳದಲ್ಲಾದರೆ ಒಬ್ಬ ಮೇಷ್ಟರಾದರೂ ಇದ್ದರು.

ಇನ್ನು ಆಕ್ಷೇಪಣೆಗಳಿಗೆ ಬರೋಣ. ಅವನ್ನು ತಳ್ಳಿಹಾಕುವ ಹಾಗಿಲ್ಲ.

ಮೊದಲನೆಯದು ನಮ್ಮವರದೇ ಆಕ್ಷೇಪಣೆ. "ನಮ್ಮ ಬಾಯಿ ಮಡಿ ಬಾಯಲ್ಲ. ಮೂಟೆ ಹೊರುವವನು, ಯಂತ್ರ ತಿರುಗಿಸುವವನು ದಣಿದಾಗ ಒಂದು ಮಾತು ಅನ್ನುತ್ತಾನೆ. 'ಲೋ ಮಗನೆ' ಎನ್ನುವುದು ನಮ್ಮಲ್ಲಿ ಪ್ರೀತಿ. ಬಿಳಿ ಅಂಗಿಯವರು ಬಂದು ನಮ್ಮ ನಾಲಿಗೆ ತೊಳೆಯಬೇಕೆ?" ಈ ಮಾತಿನಲ್ಲಿ ಸತ್ಯವಿದೆ. ಸಭ್ಯತೆ ಎಂಬ ಹೆಸರಿನಲ್ಲಿ ಬಡವರ ಬಾಯಿ ಕಟ್ಟುವುದು ಹಳೆಯ ಆಟ. ಆದ್ದರಿಂದ ನಾವು ಕೇಳುವುದು ಒರಟು ಮಾತಿನ ನಿಷೇಧವನ್ನಲ್ಲ. ಗುರಿ ತಪ್ಪಿದ ಸಿಟ್ಟಿಗೆ ಆಡಿದ ಮಾತು ಬೇರೆ. ಜಾತಿ ಹಿಡಿದು, ಧರ್ಮ ಹಿಡಿದು, ಭಾಷೆ ಹಿಡಿದು, ಹೆಣ್ಣೆಂದು ಹಿಡಿದು ಒಬ್ಬರನ್ನು ಮನುಷ್ಯರ ಲೆಕ್ಕದಿಂದಲೇ ಕೆಳಗಿಳಿಸುವ ಮಾತು ಬೇರೆ. ಮೊದಲನೆಯದು ಆಟ ಮುಗಿದೊಡನೆ ಮುಗಿಯುತ್ತದೆ. ಎರಡನೆಯದು ಮನೆಗೆ ಬರುತ್ತದೆ. ಹೆಣ್ಣುಮಕ್ಕಳು ಆಟದಲ್ಲಿ ಗಂಡಸಿನ ಹೆಸರಿಟ್ಟುಕೊಂಡು, ದನಿ ಕೇಳಿಸದಂತೆ ಮೈಕು ಮುಚ್ಚಿಕೊಂಡು ಆಡುತ್ತಾರೆ. ಅವರ ಬಾಯಿ ಕಟ್ಟಿದ್ದು ಯಾರು? ಬೈಯುವವನ ಸ್ವಾತಂತ್ರ್ಯವನ್ನಷ್ಟೇ ನೋಡಿದರೆ ಬೈಗುಳಕ್ಕೆ ಹೆದರಿ ಸುಮ್ಮನಾದವರ ಸ್ವಾತಂತ್ರ್ಯ ಕಾಣುವುದಿಲ್ಲ.

ಎರಡನೆಯ ಆಕ್ಷೇಪಣೆ: "ಹಾಗಾದರೆ ಪೋಲೀಸರಿಗೆ ಕೊಡಿ, ಇಲ್ಲವೆ ಆಟವನ್ನೇ ಮುಚ್ಚಿಸಿ." ಪೋಲೀಸರ ಕೈಗೆ ಕೊಟ್ಟು ನೋಡಿಯಾಗಿದೆ. ಮಾಹಿತಿ ತಂತ್ರಜ್ಞಾನ ಕಾಯಿದೆಯಲ್ಲಿ ೬೬ ಎ ಎಂಬ ಕಲಮೊಂದಿತ್ತು. ತೀರ ಆಕ್ಷೇಪಾರ್ಹವಾದ ಸಂದೇಶ ಕಳಿಸಿದರೆ ಜೈಲು ಎಂದು ಅದು ಹೇಳುತ್ತಿತ್ತು. ಆಕ್ಷೇಪಾರ್ಹ ಎಂದರೇನು? ಠಾಣೆಯಲ್ಲಿ ಕೂತವರು ಹೇಳಿದ್ದೇ ಅರ್ಥ. ನಾಯಕರನ್ನು ಟೀಕಿಸಿದವರನ್ನು ಅದರಡಿ ಹಿಡಿದರು. ೨೦೧೫ರ ಮಾರ್ಚ್ ೨೪ರಂದು ಸುಪ್ರೀಂ ಕೋರ್ಟು ಆ ಕಲಮನ್ನು ಹೊಡೆದುಹಾಕಿತು, ಒಳ್ಳೆಯದೇ ಆಯಿತು. ಜಾತಿ ಹಿಡಿದು ಹೀನಾಯ ಮಾಡುವುದಕ್ಕೆ ೧೯೮೯ರ ದೌರ್ಜನ್ಯ ತಡೆ ಕಾಯಿದೆ ಇದ್ದೇ ಇದೆ. ಇಂಟರ್ನೆಟ್ಟಿನಲ್ಲಿ ಆಡಿದ ಮಾತೂ ನಾಲ್ಕು ಜನರ ಮುಂದೆ ಆಡಿದ ಮಾತೇ ಎಂದು ೨೦೨೨ರಲ್ಲಿ ಕೇರಳ ಹೈಕೋರ್ಟು ಹೇಳಿದೆ. ದೊಡ್ಡ ಅಪರಾಧಕ್ಕೆ ಆ ದಾರಿ ತೆರೆದಿರಲಿ. ಆದರೆ ಹದಿನಾಲ್ಕು ವರ್ಷದ ಹುಡುಗರ ಪ್ರತಿಯೊಂದು ಜಗಳವನ್ನೂ ಠಾಣೆಗೆ ಒಯ್ದರೆ ಕೊನೆಗೆ ಲಾಠಿ ಬೀಳುವುದು ಬಡವರ ಮಕ್ಕಳ ಬೆನ್ನಿಗೇ.

ಮುಚ್ಚಿಸುವುದನ್ನೂ ನೋಡಿದ್ದೇವೆ. ೨೦೨೦ರ ಸೆಪ್ಟೆಂಬರಿನಲ್ಲಿ ಸರ್ಕಾರ ಪಬ್‌ಜಿ ಮೊಬೈಲ್ ಆಟವನ್ನು ನಿಷೇಧಿಸಿತು. ೨೦೨೧ರ ಜುಲೈಯಲ್ಲಿ ಅದು ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಎಂಬ ಹೆಸರಿನಲ್ಲಿ ಬಂತು. ೨೦೨೨ರಲ್ಲಿ ಮತ್ತೆ ಹೋಯಿತು, ೨೦೨೩ರಲ್ಲಿ ಮತ್ತೆ ಬಂತು. ಈ ಹೋಗುಬರುವಿಕೆಗೆಲ್ಲ ಕಾರಣ ದೇಶದ ಭದ್ರತೆಯೇ ಹೊರತು ಮಕ್ಕಳ ಕಿವಿಗೆ ಬೀಳುವ ಮಾತಲ್ಲ. ೨೦೨೫ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸುವ ಕಾಯಿದೆ ಮಾಡಿತು. ಅದು ಜೂಜಿನ ಪ್ರಶ್ನೆ. ನಮ್ಮ ಹುಡುಗನದು ಜೂಜಲ್ಲ. ಅವನಿಗೆ ಬೇಕಾದದ್ದು ಆಟ. ದುಡಿಯುವವರ ಮಕ್ಕಳಿಗೆ ಆಟ ಬೇಕು. ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುವುದು ವಿವೇಕವಲ್ಲ.

ಮೂರನೆಯ ಆಕ್ಷೇಪಣೆ ಕಂಪನಿಗಳದು: "ಕೋಟ್ಯಂತರ ಜನ ಆಡುತ್ತಾರೆ, ಎಲ್ಲರ ಮಾತನ್ನೂ ನಾವು ಕಾಯಲಾರೆವು." ಈ ಮಾತನ್ನು ನಂಬಬೇಡಿ. ಬ್ಯಾಟಲ್‌ಗ್ರೌಂಡ್ಸ್ ಆಟ ೨೦೨೧ರಲ್ಲಿ ಬಂದಾಗ, ಹದಿನೆಂಟು ತುಂಬದವರು ದಿನಕ್ಕೆ ೩ ಗಂಟೆಗಿಂತ ಹೆಚ್ಚು ಆಡುವಂತಿಲ್ಲ, ೭,೦೦೦ ರೂಪಾಯಿಗಿಂತ ಹೆಚ್ಚು ಖರ್ಚು ಮಾಡುವಂತಿಲ್ಲ ಎಂದು ಕಂಪನಿ ತಾನೇ ಮಿತಿ ಹಾಕಿತು. ಗಂಟೆ ಎಣಿಸಲು ಬರುತ್ತದೆ, ರೂಪಾಯಿ ಎಣಿಸಲು ಬರುತ್ತದೆ. ಬೈಗುಳ ಎಣಿಸಲು ಮಾತ್ರ ಬರುವುದಿಲ್ಲವೆ?

ಮನಸ್ಸಿದ್ದಲ್ಲಿ ಮಾರ್ಗ ಸಿಕ್ಕಿದೆ. ಲೀಗ್ ಆಫ್ ಲೆಜೆಂಡ್ಸ್ ಎಂಬ ಆಟ ಮಾಡಿದ ಅಮೆರಿಕದ ರಯಟ್ ಗೇಮ್ಸ್ ಕಂಪನಿ ಒಂದು ಪ್ರಯೋಗ ಮಾಡಿತು. ಎದುರು ತಂಡದವರ ಜೊತೆ ಮಾತಾಡುವ ಸೌಕರ್ಯವನ್ನು ಮೊದಲಿಗೆ ಮುಚ್ಚಿಟ್ಟು, ಬೇಕಾದವರು ತೆರೆದುಕೊಳ್ಳಲಿ ಎಂದಿತು. ಮಾತು ನಿಲ್ಲಲಿಲ್ಲ. ಆದರೆ ಕೆಟ್ಟ ಮಾತು ನೂರಕ್ಕೆ ಮೂವತ್ತಕ್ಕಿಂತ ಹೆಚ್ಚು ಇಳಿಯಿತು. ಯಾರ ನಾಲಿಗೆಯನ್ನೂ ಕಡಿಯಲಿಲ್ಲ, ಒಂದು ಕದ ಹಾಕಿದರು, ಅಷ್ಟೆ. ಅದೇ ಕಂಪನಿ ಇನ್ನೂ ಎರಡು ಸಂಗತಿ ಕಂಡುಕೊಂಡಿತು. ಒಂದು, ಹೆಚ್ಚಿನ ಬೈಗುಳ ಬರುವುದು ಹುಟ್ಟಾ ಪುಂಡರಿಂದಲ್ಲ, ಯಾವಾಗಲೋ ಒಮ್ಮೆ ತಾಳ್ಮೆಗೆಡುವ ಸಾಮಾನ್ಯ ಆಟಗಾರರಿಂದ. ಎರಡು, ನಿನಗೆ ಶಿಕ್ಷೆ ಏಕಾಯಿತು, ನೀನು ಆಡಿದ ಮಾತು ಯಾವುದು ಎಂದು ತೋರಿಸಿದಾಗ ತಿದ್ದಿಕೊಳ್ಳುವವರು ಹೆಚ್ಚಾಗುತ್ತಾರೆ. ನಮ್ಮ ಹಳ್ಳಿಯ ಹಿರಿಯರು ಇದನ್ನು ಪ್ರಯೋಗ ಮಾಡದೆಯೇ ಬಲ್ಲರು.

ಆದರೆ ಇಂಥ ಕಾವಲು ಯಾರ ಬಾಗಿಲಿಗೆ ಮೊದಲು ಬರುತ್ತದೆ? ೨೦೨೩ರಲ್ಲಿ ಕಾಲ್ ಆಫ್ ಡ್ಯೂಟಿ ಆಟಕ್ಕೆ ಆಟಗಾರರ ದನಿಯನ್ನೇ ಕೇಳಿ ಬೈಗುಳ ಹಿಡಿಯುವ ಯಂತ್ರ ಹಾಕಿದರು. ಮೊದಲು ಉತ್ತರ ಅಮೆರಿಕದಲ್ಲಿ, ಇಂಗ್ಲಿಷಿಗೆ. ನವೆಂಬರಿನಲ್ಲಿ ಲೋಕಕ್ಕೆಲ್ಲ ಬರುತ್ತದೆಂದು ಸಾರಿದರು. ಅದೇ ಸಾರೋಲೆಯಲ್ಲಿ ಇನ್ನೊಂದು ಮಾತಿತ್ತು: ಏಷ್ಯಾ ಖಂಡವನ್ನು ಬಿಟ್ಟು. ಸಂಗಾತಿಗಳೆ, ದುಡ್ಡು ಎತ್ತುವಾಗ ಏಷ್ಯಾ ಬೇಕು, ಕಾವಲು ಹಾಕುವಾಗ ಏಷ್ಯಾ ಬೇಡ!

ನಮ್ಮ ಕೋಲಾರ ಜಿಲ್ಲೆಯಲ್ಲಂತೂ ಇದು ಇನ್ನೂ ತೊಡಕು. ಇಲ್ಲಿಯ ಹುಡುಗ ಒಂದೇ ಉಸಿರಿನಲ್ಲಿ ಕನ್ನಡ, ತೆಲುಗು, ತಮಿಳು, ದಖನಿ ನಾಲ್ಕನ್ನೂ ಆಡುತ್ತಾನೆ. ಬರೆಯುವಾಗ ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾನೆ. ಎಲ್ಲೋ ಕೂತ ಯಂತ್ರ ಪಟ್ಟಿ ಹಿಡಿದು ಪದ ಹುಡುಕಿದರೆ, ಗೆಳೆಯನ 'ಲೋ ಮಗನೆ' ಸಿಕ್ಕಿಬೀಳುತ್ತದೆ, 'ಯಾವ ಬೀದಿ?' ಎಂಬ ವಿಷ ತಪ್ಪಿಸಿಕೊಳ್ಳುತ್ತದೆ. ಆ ಪ್ರಶ್ನೆಯಲ್ಲಿ ಒಂದು ಕೆಟ್ಟ ಪದವಾದರೂ ಇದೆಯೆ? ಇನ್ನೊಂದು ಅನ್ಯಾಯವೂ ಆಗಬಹುದು. ತನ್ನ ಜಾತಿಯ ಹೆಸರನ್ನು ತಲೆಯೆತ್ತಿ ಹೇಳಿಕೊಳ್ಳುವವನ ಮಾತನ್ನೇ ಯಂತ್ರ ಬೈಗುಳವೆಂದು ಅಳಿಸಬಹುದು. ೧೯೯೬ರಲ್ಲಿ ಇಂಗ್ಲೆಂಡಿನ ಸ್ಕನ್‌ಥಾರ್ಪ್ ಎಂಬ ಊರಿನವರು ತಮ್ಮ ಊರಿನ ಹೆಸರು ಬರೆಯಲಾಗದೆ ಒದ್ದಾಡಿದರು. ಆ ಹೆಸರಿನ ನಡುವೆ ಒಂದು ಕೆಟ್ಟ ಪದದ ಅಕ್ಷರಗಳಿದ್ದವಂತೆ, ಯಂತ್ರ ಅದನ್ನು ತಡೆಯಿತು. ಪದವನ್ನು ಯಂತ್ರ ಹಿಡಿಯಬಹುದು. ಮಾತಿನ ಅರ್ಥ ಹಿಡಿಯಲು ಈ ನೆಲ ಬಲ್ಲ ಮನುಷ್ಯ ಬೇಕು.

ಆ ಮನುಷ್ಯನೂ ಕೆಲಸಗಾರನೇ ಎಂಬುದನ್ನು ನಾವು ಮರೆಯಬಾರದು. ದಿನವಿಡೀ ಇತರರ ಹೊಲಸು ಮಾತು ಕೇಳುವುದು, ಹೊಲಸು ಚಿತ್ರ ನೋಡುವುದು ಅವನ ಕೆಲಸ. ೨೦೨೦ರ ಮೇ ತಿಂಗಳಲ್ಲಿ ಫೇಸ್‌ಬುಕ್ ಕಂಪನಿ ಇಂಥ ಕೆಲಸ ಮಾಡಿ ಮನೋರೋಗಕ್ಕೆ ತುತ್ತಾದ ಅಮೆರಿಕದ ಕೆಲಸಗಾರರಿಗೆ ೫ ಕೋಟಿ ೨೦ ಲಕ್ಷ ಡಾಲರ್ ಕೊಡಲು ಒಪ್ಪಿತು. ಒಂದು ಕಾಲಕ್ಕೆ ಕೆ.ಜಿ.ಎಫ್.ನಲ್ಲಿ ಕೆಲವರ ತಲೆಯ ಮೇಲೆ ಊರಿನ ಮಲ ಹೊರಿಸಿ ಮಿಕ್ಕವರು ಮೂಗು ಮುಚ್ಚಿಕೊಂಡು ಓಡಾಡಿದರು. ಈಗ ಹೊಸ ಮಲವನ್ನು ಕಿವಿಯಲ್ಲಿ ಹೊರಲು ಕಡಿಮೆ ಕೂಲಿಯ ಹೊಸ ಜನರನ್ನು ಹುಡುಕುವುದಾದರೆ ನಾವು ಗೆದ್ದದ್ದೇನು? ಆದ್ದರಿಂದ ನಮ್ಮ ಮಕ್ಕಳಿಗೆ ಕಾವಲು ಕೇಳುವಾಗ ಆ ಕಾವಲುಗಾರನ ಕೂಲಿಯನ್ನೂ, ಚಿಕಿತ್ಸೆಯನ್ನೂ, ವಿರಾಮವನ್ನೂ ಜೊತೆಗೇ ಕೇಳಬೇಕು.

ಹಾಗಾದರೆ ನಮ್ಮ ಬೇಡಿಕೆಗಳೇನು? ಐದು.

ಒಂದು: ಮಕ್ಕಳು ಆಡುವಾಗ ಅಪರಿಚಿತರ ದನಿ ಮೊದಲಿಗೆ ಮುಚ್ಚಿರಬೇಕು, ಬೇಕೆಂದವರು ತೆರೆದುಕೊಳ್ಳಲಿ.

ಎರಡು: ಆಟದ ನಿಯಮಗಳು ಕನ್ನಡದಲ್ಲಿರಬೇಕು. ಇದು ಭಿಕ್ಷೆಯಲ್ಲ. ಇಂಟರ್ನೆಟ್ಟಿನಲ್ಲಿ ಜನರ ಮಾತು ಸಾಗಿಸುವ ಕಂಪನಿಗಳು ತಮ್ಮ ನಿಯಮಗಳನ್ನು ಇಂಗ್ಲಿಷಿನಲ್ಲೋ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲೋ ಬಳಸುವವನ ಇಷ್ಟದಂತೆ ಒದಗಿಸಬೇಕೆಂದು ೨೦೨೨ರ ಅಕ್ಟೋಬರಿನಲ್ಲಿ ತಿದ್ದಿದ ಸರ್ಕಾರಿ ನಿಯಮವೇ ಹೇಳುತ್ತದೆ. ಆಟಗಾರರ ಮಾತು ಸಾಗಿಸುವ ಕಂಪನಿಗೂ ಅದು ಸಲ್ಲಬೇಕೆಂಬುದು ನಮ್ಮ ವಾದ.

ಮೂರು: ದೂರು ಬಂದಾಗ ಮಾತ್ರ ಆ ಮಾತನ್ನು ಕೇಳಬೇಕು, ಎಲ್ಲರ ಮಾತನ್ನೂ ಸದಾ ಕದ್ದು ಕೇಳುವ ಹಕ್ಕು ಯಾವ ಕಂಪನಿಗೂ ಬೇಡ. ಕೇಳುವವರಲ್ಲಿ ನಮ್ಮ ಭಾಷೆ ಬಲ್ಲವರಿರಬೇಕು. ಅವರಿಗೆ ತಕ್ಕ ಕೂಲಿ ಇರಬೇಕು.

ನಾಲ್ಕು: ಶಿಕ್ಷೆ ಕೊಟ್ಟರೆ ಕಾರಣ ಹೇಳಬೇಕು, ಮೇಲ್ಮನವಿಗೆ ಮನುಷ್ಯ ಸಿಗಬೇಕು. ಬೈದವನೂ ಯಾರದೋ ಮನೆಯ ಹುಡುಗನೇ. ಅವನನ್ನು ತಿದ್ದುವುದು ಮೊದಲು, ಹೊರಹಾಕುವುದು ಕೊನೆಗೆ.

ಐದು: ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸಬೇಕು. ಯಾವ ಭಾಷೆಯಲ್ಲಿ ಎಷ್ಟು ದೂರು ಬಂತು, ಎಷ್ಟಕ್ಕೆ ಕ್ರಮವಾಯಿತು, ಎಷ್ಟು ಕಸದ ಬುಟ್ಟಿಗೆ ಹೋಯಿತು ಎಂಬುದು ಜನಕ್ಕೆ ಗೊತ್ತಾಗಬೇಕು.

ಕಂಪನಿಯ ಹೊಣೆ ಹೇಳಿದೆ. ನಮ್ಮ ಹೊಣೆಯನ್ನೂ ಹೇಳದಿದ್ದರೆ ಭಾಷಣ ಅರ್ಧವಾಗುತ್ತದೆ. ಬೀದಿ ಕೇಳುವ ಚಟವನ್ನು ಆ ಅಪರಿಚಿತ ಹುಡುಗನಿಗೆ ಕಂಪನಿ ಕಲಿಸಲಿಲ್ಲ. ಅವನ ಮನೆ ಕಲಿಸಿತು, ಊರು ಕಲಿಸಿತು. ಊರಿನ ಕೊಳೆ ಆಟಕ್ಕೆ ಹರಿದಿದೆ. ಅದನ್ನು ಮೂಲದಲ್ಲಿ ತೊಳೆಯುವುದು ನಮ್ಮ ಕೆಲಸ, ಆ ಕೆಲಸವನ್ನು ಯಾವ ಕಂಪನಿಯೂ ಮಾಡಿಕೊಡಲಾರದು. ಹಾಗೆಂದು ಊರು ಶುದ್ಧವಾಗುವವರೆಗೆ ಸಂತೆಯಲ್ಲಿ ಕಾವಲು ಬೇಡವೆನ್ನಲು ಬರುವುದಿಲ್ಲ. ಎರಡೂ ಒಟ್ಟಿಗೆ ನಡೆಯಬೇಕು.

ಇವತ್ತು ಮನೆಗೆ ಹೋದ ಮೇಲೆ ಮಕ್ಕಳ ಕೈಯಿಂದ ಫೋನು ಕಿತ್ತುಕೊಳ್ಳಬೇಡಿ. ಪಕ್ಕದಲ್ಲಿ ಕೂತು, "ಆಟದಲ್ಲಿ ನಿನ್ನನ್ನು ಯಾರಾದರೂ ಏನಾದರೂ ಅಂತಾರೇನಪ್ಪ? ನೀನು ಯಾರಿಗಾದರೂ ಏನಾದರೂ ಅಂತೀಯೇನಪ್ಪ?" ಎಂದು ಎರಡೂ ಪ್ರಶ್ನೆ ಕೇಳಿ. ದೂರು ಕಳಿಸಬೇಕಾದರೆ ನಮ್ಮ ಕಚೇರಿಗೆ ಬನ್ನಿ. ಇಂಗ್ಲಿಷ್ ಬಲ್ಲ ಹುಡುಗರು ಸಂಜೆ ಅಲ್ಲಿರುತ್ತಾರೆ. ಈ ದೂರುಗಳಿಗೆ ಕಂಪನಿ ಇಟ್ಟಿರಬೇಕಾದ ಅಧಿಕಾರಿ ೨೪ ಗಂಟೆಯೊಳಗೆ ಸ್ವೀಕೃತಿ ಕೊಟ್ಟು ಗೊತ್ತುಮಾಡಿದ ದಿನಗಳೊಳಗೆ ತೀರ್ಮಾನ ಮಾಡಬೇಕೆಂದು ೨೦೨೧ರ ನಿಯಮವಿದೆ. ಒಬ್ಬರ ಕಾಗದಕ್ಕೆ ಯಂತ್ರ ಜವಾಬು ಕೊಡುತ್ತದೆ. ನೂರು ಜನರ ಕಾಗದಕ್ಕೆ ಮನುಷ್ಯ ಎದ್ದು ಬರಲೇಬೇಕಾಗುತ್ತದೆ.

ಆ ಹುಡುಗ ಈಗಲೂ ಆಡುತ್ತಾನೆ. ಮೊನ್ನೆ ಅವನ ತಂದೆ ಗಿರಣಿಯ ಬಾಗಿಲಲ್ಲಿ ಸಿಕ್ಕಾಗ ಹೆಸರಿನ ವಿಷಯ ಕೇಳಿದೆ. "ಇನ್ನೂ ಬದಲಾಯಿಸಿಲ್ಲ ಅಣ್ಣ" ಎಂದರು. ತಂದೆಯಿಟ್ಟ ಹೆಸರಿನಲ್ಲೇ ಅವನು ಮತ್ತೆ ಆಡುವ ದಿನ ಬಂದರೆ ಈ ನಮ್ಮ ಬೇಡಿಕೆ ಗೆದ್ದಿತೆಂದು ತಿಳಿಯೋಣ. ಅಲ್ಲಿಯತನಕ ಕೇಳುತ್ತಲೇ ಇರೋಣ.